ಮುಂಗೈ ಪಟ್ಟಿಯಿಂದ ನಿದ್ದೆಯ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

"ಎರಡು ವಾರ ಈ ಪಟ್ಟಿ ಕಟ್ಟಿಕೊಂಡಿರಿ" ಎಂದು ಡಾಕ್ಟರು ಹೇಳಿ ಕಳಿಸಿದವರಿಗೆ ಮತ್ತು ಅಂಗಡಿಯಿಂದ ತಂದ ಸ್ಮಾರ್ಟ್ ಬ್ಯಾಂಡ್ ತೋರಿಸುವ ನಿದ್ದೆಯ ಅಂಕಿ ನೋಡಿ ಗಾಬರಿಯಾದವರಿಗೆ ಈ ಪುಟ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮನೆ, ಹೊಲ, ಮಗ್ಗ, ಕಾರ್ಖಾನೆಗಳ ದಿನಚರಿಯನ್ನು ಮುಂದಿಟ್ಟುಕೊಂಡು ಬರೆದಿದ್ದೇವೆ. ಯಂತ್ರದ ಜೊತೆ ಬರುವ ಸೂಚನೆ ಪುಸ್ತಕದಲ್ಲಿ ರಾತ್ರಿ ಎರಡಕ್ಕೆ ಎದ್ದು ಕಬ್ಬಿಗೆ ನೀರು ಹಾಯಿಸುವವರ ಮಾತು ಇರುವುದಿಲ್ಲ.

ಈ ಪಟ್ಟಿ ನಿದ್ದೆಯನ್ನು ಹೇಗೆ ಅಳೆಯುತ್ತದೆ?

ನಿದ್ದೆಯನ್ನು ಅದು ಅಳೆಯುವುದೇ ಇಲ್ಲ, ಅಳೆಯುವುದು ಕೈಯ ಅಲುಗಾಟವನ್ನು. ಒಳಗೆ ಕೆಲವೇ ಮಿಲಿಮೀಟರ್ ಅಗಲದ ಒಂದು ಚಿಪ್ ಇದೆ, ಹೆಸರು ಅಕ್ಸೆಲರೋಮೀಟರ್. ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ ಹೀಗೆ ಮೂರು ದಿಕ್ಕಿನ ಚಲನೆಯನ್ನು ಅದು ಸೆಕೆಂಡಿಗೆ ಸಾಮಾನ್ಯವಾಗಿ 30ರಿಂದ 100 ಸಲ ದಾಖಲಿಸುತ್ತದೆ. ಆ ದಾಖಲೆಯನ್ನು 30 ಸೆಕೆಂಡ್ ಅಥವಾ 1 ನಿಮಿಷದ ತುಂಡುಗಳಾಗಿ ಕೂಡಿಸಿ, ಪ್ರತಿ ತುಂಡಿಗೂ ಒಂದು ಅಂಕಿ ಕೊಡಲಾಗುತ್ತದೆ. ಅಂಕಿ ದೊಡ್ಡದಿದ್ದರೆ ಎಚ್ಚರ, ಸೊನ್ನೆಯ ಹತ್ತಿರವಿದ್ದರೆ ನಿದ್ದೆ ಎಂದು ಸೂತ್ರವೊಂದು ತೀರ್ಮಾನಿಸುತ್ತದೆ.

ಆ ಸೂತ್ರ ಒಂದೇ ನಿಮಿಷವನ್ನು ನೋಡಿ ತೀರ್ಪು ಕೊಡುವುದಿಲ್ಲ. ದೊಡ್ಡವರಿಗೆ ಹೆಚ್ಚಾಗಿ ಬಳಸುವ, 1992ರಲ್ಲಿ ಬಂದ ಕೋಲ್-ಕ್ರಿಪ್ಕಿ ಸೂತ್ರ ಆ ನಿಮಿಷದ ಜೊತೆಗೆ ಹಿಂದಿನ 4 ನಿಮಿಷ ಮತ್ತು ಮುಂದಿನ 2 ನಿಮಿಷಗಳ ಚಲನೆಯನ್ನೂ ತೂಗುತ್ತದೆ. ಮಕ್ಕಳು ಮತ್ತು ಹರೆಯದವರಿಗೆ ಬಳಸುವ 1994ರ ಸಾದೇ ಸೂತ್ರ ಹಿಂದೆ 5, ಮುಂದೆ 5 ನಿಮಿಷ ಸೇರಿಸಿ ನೋಡುತ್ತದೆ. ಹೀಗಾಗಿ ನಿದ್ದೆಯಲ್ಲಿ ಒಮ್ಮೆ ಮಗ್ಗುಲು ಬದಲಿಸಿದ ಮಾತ್ರಕ್ಕೆ ಎದ್ದಿರಿ ಎಂದು ಲೆಕ್ಕವಾಗುವುದಿಲ್ಲ.

ಮನೆಯ ಕರೆಂಟ್ ಮೀಟರ್ ಎಷ್ಟು ಯೂನಿಟ್ ಓಡಿತೆಂದು ಹೇಳುತ್ತದೆ, ಓಡಿದ್ದು ಮಿಕ್ಸರೋ ಫ್ಯಾನೋ ಎಂದು ಹೇಳುವುದಿಲ್ಲ. ಈ ಪಟ್ಟಿಯ ಸ್ವಭಾವವೂ ಅಷ್ಟೇ. ಈ ಪುಟದ ಉಳಿದ ಉತ್ತರಗಳೆಲ್ಲ ಇದೊಂದು ಮಾತಿನಿಂದಲೇ ಹುಟ್ಟಿದವು. ಈ ಪರೀಕ್ಷೆಗೆ ಆಕ್ಟಿಗ್ರಫಿ ಎಂದು ಹೆಸರು. ಚೀಟಿಯಲ್ಲಿ ಡಾಕ್ಟರು ಹಾಗೆ ಬರೆದಿದ್ದರೆ ಹೆದರಬೇಡಿ, ಸೂಜಿ ಇಲ್ಲ, ತಂತಿ ಇಲ್ಲ.

ಹಾಗಾದರೆ ಎಷ್ಟು ನಂಬಬಹುದು?

ನೀವು ಮಲಗಿದ್ದ ನಿಮಿಷಗಳನ್ನು ಚೆನ್ನಾಗಿ ಹಿಡಿಯುತ್ತದೆ, ಎಚ್ಚರವಿದ್ದ ನಿಮಿಷಗಳನ್ನು ಹಿಡಿಯುವಲ್ಲಿ ಸೋಲುತ್ತದೆ. 2013ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ 77 ಜನರಿಗೆ ಏಕಕಾಲಕ್ಕೆ ಪಟ್ಟಿಯನ್ನೂ ಕಟ್ಟಿ, ತಲೆಗೆ ತಂತಿ ಅಂಟಿಸುವ ಪೂರ್ಣ ಪರೀಕ್ಷೆಯನ್ನೂ ಮಾಡಲಾಯಿತು. ನಿದ್ದೆಯ ನಿಮಿಷಗಳಲ್ಲಿ ನೂರಕ್ಕೆ ಸುಮಾರು 96ನ್ನು ಪಟ್ಟಿ ಸರಿಯಾಗಿ ಗುರುತಿಸಿತು. ಎಚ್ಚರದ ನಿಮಿಷಗಳಲ್ಲಿ ನೂರಕ್ಕೆ ಸುಮಾರು 33 ಮಾತ್ರ.

ಕಾರಣ ಸರಳ. ಕಣ್ಣು ಬಿಟ್ಟುಕೊಂಡು, ಜಂತಿ ಎಣಿಸುತ್ತ, ಅಲುಗಾಡದೆ ಬಿದ್ದುಕೊಂಡಿದ್ದರೆ ಪಟ್ಟಿಯ ಪಾಲಿಗೆ ಅದು ನಿದ್ದೆ. ಚೆನ್ನಾಗಿ ಮಲಗುವವರಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಾಗದು, ಅವರ ರಾತ್ರಿಯಲ್ಲಿ ಎಚ್ಚರವೇ ಕಡಿಮೆ. ನಿದ್ದೆ ಬಾರದೆ ಒದ್ದಾಡುವವರಲ್ಲಿ ಲೆಕ್ಕ ತಪ್ಪುತ್ತದೆ, ಅದೂ ಹೆಚ್ಚಾಗಿ ಒಂದೇ ಕಡೆಗೆ: ನಿದ್ದೆ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ.

ಅದೆಲ್ಲ ಸರಿದೂಗುವುದು ರಾತ್ರಿಗಳ ಸಂಖ್ಯೆಯಲ್ಲಿ. ಆಸ್ಪತ್ರೆಯ ಪರೀಕ್ಷೆ ಪರಸ್ಥಳದ ಹಾಸಿಗೆಯ ಒಂದು ರಾತ್ರಿ. ಪಟ್ಟಿ ನಿಮ್ಮ ಮನೆ, ನಿಮ್ಮ ಕೌದಿ, ನಿಮ್ಮ ಕೆಲಸದ 14 ರಾತ್ರಿ. ಒಂದೊಂದು ನಿಮಿಷದ ಸತ್ಯ ಅದರಿಂದ ಸಿಗದು, ಮಲಗುವ-ಏಳುವ ಪದ್ಧತಿ ಮಾತ್ರ ಸ್ಪಷ್ಟವಾಗಿ ಸಿಗುತ್ತದೆ.

ಯಾವ ತೊಂದರೆಗಳಿಗೆ ಇದು ನಿಜವಾಗಿ ಉಪಯೋಗ?

ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2018ರಲ್ಲಿ ಕೊಟ್ಟ ಮಾರ್ಗಸೂಚಿಯನ್ನೇ ಬಹಳಷ್ಟು ವೈದ್ಯರು ಅನುಸರಿಸುತ್ತಾರೆ. ಅದರ ಪ್ರಕಾರ ನಿದ್ರಾಹೀನತೆ, ದೇಹದ ಗಡಿಯಾರ ಹಿಂದೆ-ಮುಂದೆ ಆಗಿರುವ ತೊಂದರೆ ಮತ್ತು ಸಾಕಷ್ಟು ಮಲಗದೆ ಹಗಲು ತೂಕಡಿಸುವವರಲ್ಲಿ ಇದನ್ನು ಬಳಸಬಹುದು. ಹಗಲಿನ ತೂಕಡಿಕೆಗೆ ಆಸ್ಪತ್ರೆಯಲ್ಲಿ ಮಾಡುವ ಕಿರುನಿದ್ದೆ ಪರೀಕ್ಷೆಗೆ ಮೊದಲು ಒಂದೆರಡು ವಾರ ನೀವು ಎಷ್ಟು ಮಲಗಿದ್ದಿರಿ ಎಂದು ನೋಡಲೂ ಇದು ಬೇಕು. ದಿನಾ ಐದೇ ತಾಸು ಮಲಗಿ ಬಂದವರು ಆ ಪರೀಕ್ಷೆಯಲ್ಲಿ ಹಾಸಿಗೆಗೆ ತಲೆ ಕೊಟ್ಟ ಕೂಡಲೇ ಮಲಗುತ್ತಾರೆ, ಇಲ್ಲದ ರೋಗ ಇದೆಯೆಂದು ಬರೆಸಿಕೊಂಡು ಹೋಗುವ ಅಪಾಯವಿರುತ್ತದೆ. ಮನೆಯಲ್ಲೇ ಮಾಡುವ ಉಸಿರಾಟದ ನಿದ್ದೆ ಪರೀಕ್ಷೆಯ ಜೊತೆಗೂ ಪಟ್ಟಿ ಕಟ್ಟುವುದುಂಟು.

ನಮ್ಮ ಯಜಮಾನರು ಭಾಳ ಗೊರಕಿ ಹೊಡೀತಾರ, ನಡುನಡುವೆ ಉಸಿರು ನಿಂತಂಗ ಆಗತೈತಿ. ಪಟ್ಟಿ ಕಟ್ಟಿದ್ರ ಗೊತ್ತಾಗತೈತೇನ್ರಿ?

ಇಲ್ಲ ಅಕ್ಕಾರೆ. ದಯವಿಟ್ಟು ಇದಕ್ಕಾಗಿ ಎರಡು ವಾರ ಕಾಯಬೇಡಿ. ಉಸಿರು ನಿಂತು, ಗಕ್ಕನೆ ಎಳೆದುಕೊಂಡು ಮತ್ತೆ ಶುರುವಾಗುವುದು ಸ್ಲೀಪ್ ಆಪ್ನಿಯಾ ಆಗಿರಬಹುದು. ಅದನ್ನು ಗುರುತಿಸಲು ಮೂಗಿನ ಗಾಳಿ, ಎದೆ-ಹೊಟ್ಟೆಯ ಏರಿಳಿತ, ರಕ್ತದ ಆಮ್ಲಜನಕ ಇವೆಲ್ಲವನ್ನೂ ಒಟ್ಟಿಗೆ ದಾಖಲಿಸಬೇಕು. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕದ ಮೇಲೆ ತೀವ್ರತೆ ನಿರ್ಧಾರವಾಗುತ್ತದೆ: 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, 30 ದಾಟಿದರೆ ತೀವ್ರ. ಇದರಲ್ಲಿ ಒಂದನ್ನೂ ಚಲನೆಯ ಪಟ್ಟಿ ನೋಡುವುದಿಲ್ಲ. "ನಿದ್ದೆ ಏಳು ತಾಸು, ಚೆನ್ನಾಗಿದೆ" ಎಂಬ ವರದಿ ಬಂದು, ಮನೆಯವರು ಸಮಾಧಾನವಾಗಿಬಿಡುವುದೇ ಇಲ್ಲಿರುವ ನಿಜವಾದ ಅಪಾಯ.

ಆಸ್ಪತ್ರೆಗೆ ಹೋಗುವಾಗ ಗೊರಕೆಯ ಎರಡು-ಮೂರು ನಿಮಿಷದ ವಿಡಿಯೋವನ್ನು, ಮುಖದ ಜೊತೆ ಎದೆಯೂ ಕಾಣುವಂತೆ, ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ರಕ್ತದೊತ್ತಡ, ತೂಕ, ಕುತ್ತಿಗೆಯ ಸುತ್ತಳತೆ ಕೇಳುತ್ತಾರೆ. ಸುತ್ತಳತೆ 40 ಸೆಂಟಿಮೀಟರ್ ದಾಟಿದ್ದರೆ ಅದನ್ನು ಮರೆಯದೆ ಹೇಳಿ. ಯಜಮಾನರು ಟ್ರ್ಯಾಕ್ಟರ್, ಲಾರಿ, ಬಸ್ ಓಡಿಸುವವರಾಗಿದ್ದು ಸ್ಟೀರಿಂಗ್ ಮೇಲೆ ಕಣ್ಣು ಮುಚ್ಚುವಂತಾಗುತ್ತಿದ್ದರೆ, ಪರೀಕ್ಷೆ ಮುಗಿಯುವವರೆಗೆ ಗಾಡಿ ಬೇರೆಯವರ ಕೈಗೆ ಕೊಡಲಿ.

ರಾತ್ರಿ ಕಾಲು ಜಾಡಿಸುವ ತೊಂದರೆಗೆ? ಚಲನೆ ಅಳೆಯುವುದೇ ಆದರೆ ಇದಕ್ಕೆ ಸರಿಹೋಗಬೇಕಲ್ಲ?

ಹೋಗುವುದಿಲ್ಲ. ಮೇಲೆ ಹೇಳಿದ 2018ರ ಮಾರ್ಗಸೂಚಿ ಅತಿ ಖಡಾಖಂಡಿತವಾಗಿ "ಬೇಡ" ಎಂದದ್ದು ಇದೊಂದಕ್ಕೇ. ನಿದ್ದೆಯಲ್ಲಿ ಕಾಲು ಜಗ್ಗುವುದನ್ನು ಲೆಕ್ಕ ಹಾಕಲು ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯುವಿನ ವಿದ್ಯುತ್ ಸಂಕೇತ ಬೇಕು. ಅರ್ಧ ಸೆಕೆಂಡಿನಿಂದ 10 ಸೆಕೆಂಡಿನ ಜಗ್ಗುಗಳು, 5ರಿಂದ 90 ಸೆಕೆಂಡ್ ಅಂತರದಲ್ಲಿ, ಕನಿಷ್ಠ ನಾಲ್ಕು ಸಾಲಾಗಿ ಬಂದರೆ ಮಾತ್ರ ಎಣಿಕೆಗೆ ಬರುತ್ತವೆ. ಮುಂಗೈಯ ಪಟ್ಟಿಗೆ ಇದು ಕಾಣುವುದೂ ಇಲ್ಲ.

ಮಲಗುವ ಮೊದಲೇ ಕಾಲಲ್ಲಿ ಹರಿದಾಡಿದಂತಾಗಿ, ನಡೆದಾಡಿದರೆ ಹಗುರವೆನಿಸುವುದು ಬೇರೆ ತೊಂದರೆ. ಅದು ಬಾಯಿಂದ ಕೇಳಿ ತಿಳಿಯುವಂಥದ್ದು, ಅದರ ಜೊತೆ ರಕ್ತದಲ್ಲಿ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಗುರುತು) ನೋಡಿಸಬೇಕು. ದೊಡ್ಡವರಲ್ಲಿ ಅದು 75ಕ್ಕಿಂತ ಕೆಳಗಿದ್ದರೆ ವೈದ್ಯರು ಕಬ್ಬಿಣಾಂಶದ ಚಿಕಿತ್ಸೆಯ ಬಗ್ಗೆ ಯೋಚಿಸುತ್ತಾರೆ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ಕಡಿಮೆ ಇರಬಹುದು, ಆದ್ದರಿಂದ ಅದನ್ನು ಹೆಸರು ಹೇಳಿಯೇ ಕೇಳಿ.

ಕನಸಿನಲ್ಲಿ ಕೂಗಿ, ಗುದ್ದಿ, ಹಾಸಿಗೆಯಿಂದ ಜಿಗಿಯುವವರಿಗೂ ಈ ಪಟ್ಟಿ ಸಾಲದು. ಅವರನ್ನು ನೇರವಾಗಿ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ.

ಯಾವ ಕೈಗೆ, ಹೇಗೆ ಕಟ್ಟಬೇಕು?

ಕೆಲಸ ಕಡಿಮೆ ಮಾಡುವ ಕೈಗೆ. ಬಲಗೈಯಿಂದ ಉಣ್ಣುವವರು, ಬರೆಯುವವರು ಎಡಗೈಗೆ ಕಟ್ಟಬೇಕು. ಆ ಕೈಗೆ ಲಕ್ವ ಹೊಡೆದಿದ್ದರೆ ಅಥವಾ ನಡುಕವಿದ್ದರೆ ಮೊದಲೇ ಹೇಳಿ, ಇನ್ನೊಂದು ಕೈಗೆ ಕಟ್ಟಿಸಿಕೊಳ್ಳಿ. ಒಮ್ಮೆ ಕಟ್ಟಿದ ಮೇಲೆ ನಡುವೆ ಕೈ ಬದಲಿಸಬಾರದು. ಎರಡು ಕೈಗಳ ಅಂಕಿ ಒಂದೇ ಅಲ್ಲ, ಬದಲಿಸಿದ ದಿನದಿಂದ ಲೆಕ್ಕವೇ ಬೇರೆಯಾಗುತ್ತದೆ.

ಮಣಿಕಟ್ಟಿನ ಹೊರಬದಿಯ ಉಬ್ಬೆಲುಬಿನ ಸ್ವಲ್ಪ ಮೇಲೆ, ಒಂದು ಬೆರಳು ತೂರುವಷ್ಟು ಬಿಗಿಯಾಗಿರಲಿ. ಸಡಿಲವಿದ್ದರೆ ಪಟ್ಟಿ ತಾನೇ ಅಲ್ಲಾಡಿ ಸುಳ್ಳು ಚಲನೆ ದಾಖಲಾಗುತ್ತದೆ. ಕೈತುಂಬ ಬಳೆ ತೊಡುವವರು ಬಳೆ ಮುಂದಕ್ಕೆ, ಪಟ್ಟಿ ಮೊಣಕೈ ಕಡೆಗೆ ಬರುವಂತೆ ಕಟ್ಟಿಕೊಳ್ಳಿ. ಬಳೆಗಳು ಪಟ್ಟಿಗೆ ಬಡಿಯುತ್ತಿದ್ದರೆ ಆ ಕೈಯ ಬಳೆಗಳನ್ನು ಕಡಿಮೆ ಮಾಡಿ. ಬಳೆ ತೆಗೆಯುವುದು ಮನಸ್ಸಿಗೆ ಒಪ್ಪದಿದ್ದರೆ ತೆಗೆಯಬೇಕಾಗಿಯೇ ಇಲ್ಲ, ಹಾಗೆಂದು ಕೊಟ್ಟವರಿಗೆ ತಿಳಿಸಿ.

ರೊಟ್ಟಿ ಬಡಿಯುವಾಗ ತೆಗೆಯಬೇಡಿ. ಆ ಚಲನೆ ಹಗಲಿನದು, ನಿದ್ದೆಯ ಲೆಕ್ಕಕ್ಕೆ ತೊಂದರೆಯಿಲ್ಲ. ಬದಲಿಗೆ ನೀವು ನಸುಕಿನಲ್ಲಿ ಎಷ್ಟಕ್ಕೆ ಎದ್ದಿರಿ ಎಂಬುದಕ್ಕೆ ಅದೇ ಒಳ್ಳೆಯ ಗುರುತು. ಒಲೆಯ ಝಳಕ್ಕೆ ಪಟ್ಟಿ ತೀರ ಹತ್ತಿರ ಹೋಗದಿರಲಿ. ಸ್ನಾನಕ್ಕೆ, ಬಟ್ಟೆ ಒಗೆಯಲು ಬಿಚ್ಚಬೇಕೇ ಎಂಬುದು ಆ ಯಂತ್ರ ನೀರು ತಡೆಯುತ್ತದೆಯೋ ಇಲ್ಲವೋ ಎಂಬುದರ ಮೇಲಿದೆ. ಕೊಡುವಾಗಲೇ ಕೇಳಿಕೊಳ್ಳಿ. ನೀರು ತಡೆಯುವುದಾದರೂ ದಿನಕ್ಕೊಮ್ಮೆ ಬಿಚ್ಚಿ, ಪಟ್ಟಿಯನ್ನೂ ಚರ್ಮವನ್ನೂ ಒರೆಸಿ, ಒಣಗಿಸಿ ಮತ್ತೆ ಕಟ್ಟಿ. ಏಪ್ರಿಲ್-ಮೇ ತಿಂಗಳ ವಿಜಯಪುರದ ಬಿಸಿಲಲ್ಲಿ ಪಟ್ಟಿಯ ಕೆಳಗೆ ಬೆವರು, ಸೋಪಿನ ನೊರೆ ನಿಂತು ಚರ್ಮ ಕೆಂಪಾಗುತ್ತದೆ. ತುರಿಕೆ, ಗುಳ್ಳೆ ಶುರುವಾದರೆ ಸಹಿಸಿಕೊಂಡು ಕೂಡಬೇಡಿ, ಫೋನ್ ಮಾಡಿ ಕೇಳಿ.

ಪಟ್ಟಿಯ ಮೇಲೆ ಬೆಳಕು ಅಳೆಯುವ ಕಣ್ಣು ಇದ್ದರೆ ಹಗಲು ಹೊತ್ತು ತೋಳು ಅದನ್ನು ಮುಚ್ಚದಿರಲಿ. ಗುಂಡಿ ಇದ್ದರೆ ಎರಡು ಸಲ ಒತ್ತಿ: ದೀಪ ಆರಿಸಿ ಮಲಗಲು ತಯಾರಾದಾಗ ಒಮ್ಮೆ, ಎದ್ದು ಹಾಸಿಗೆ ಬಿಟ್ಟಾಗ ಒಮ್ಮೆ. ಮೊಬೈಲ್ ನೋಡುತ್ತ ಹಾಸಿಗೆಯಲ್ಲಿ ಬಿದ್ದುಕೊಂಡಾಗ ಒತ್ತಬಾರದು, ಅದನ್ನು ಪಕ್ಕಕ್ಕಿಟ್ಟ ಮೇಲೆ ಒತ್ತಬೇಕು.

ಎಷ್ಟು ದಿನ ಕಟ್ಟಬೇಕು?

ಕನಿಷ್ಠ 72 ತಾಸು, ಆದರೆ ಅಷ್ಟಕ್ಕೆ ಹೆಚ್ಚೇನೂ ತಿಳಿಯದು. ದೇಹದ ಗಡಿಯಾರದ ತೊಂದರೆಗೆ 7 ದಿನ ಬೇಕೇ ಬೇಕು, 14 ದಿನ ಉತ್ತಮ, ಅದರಲ್ಲಿ ಕೆಲಸದ ದಿನಗಳೂ ರಜೆಯ ದಿನಗಳೂ ಇರಬೇಕು. ಮಕ್ಕಳಲ್ಲಿ ಕನಿಷ್ಠ 5 ಒಳ್ಳೆಯ ರಾತ್ರಿಗಳು ಸಿಗಬೇಕು. ಜ್ವರ, ಮರೆವು ಎಂದು ಒಂದೆರಡು ಕೆಟ್ಟೇ ಕೆಡುತ್ತವೆ, ಅದಕ್ಕೆ 7 ರಾತ್ರಿ ಕಟ್ಟಿಸುವುದು ಜಾಣತನ.

ಮದುವೆ, ಜಾತ್ರೆ, ಪಾರಿಜಾತ ಆಟ ನೋಡಲು ರಾತ್ರಿಯಿಡೀ ಕೂಡುವುದು, ರಂಜಾನಿನ ಸೆಹರಿ ಇವು ಬರುವ ವಾರಗಳನ್ನು ಸಾಧ್ಯವಿದ್ದರೆ ಬಿಡಿ. ಬಿಡಲಾಗದಿದ್ದರೆ ಡೈರಿಯಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದ ರಾತ್ರಿಗಳನ್ನೂ ಗುರುತು ಮಾಡಿ. ಅಲ್ಲಿ ಬೆಳಕು ಹರಿಯುತ್ತಲೇ ಎಚ್ಚರವಾಗುವುದರಿಂದ ಒಳಗೆ ಮಲಗಿದ ರಾತ್ರಿಗೂ ಅದಕ್ಕೂ ತಾಳೆಯಾಗದು.

ಡೈರಿ ಯಾಕೆ? ಯಂತ್ರ ಇದೆಯಲ್ಲ?

ಡೈರಿ ಇಲ್ಲದ ಪಟ್ಟಿಯ ದಾಖಲೆಯಿಂದ ಅರ್ಧ ಪ್ರಯೋಜನವೂ ಇಲ್ಲ. ರಾತ್ರಿ 9:30ಕ್ಕೆ ಚಲನೆ ನಿಂತಿತು ಎಂದರೆ ಮಲಗಿದಿರೋ, ಧಾರಾವಾಹಿ ನೋಡುತ್ತ ಕುಳಿತಿರೋ, ಪಟ್ಟಿ ಬಿಚ್ಚಿ ಮಾಡದಲ್ಲಿ ಇಟ್ಟಿರೋ ಎಂದು ಹೇಳುವವರು ನೀವೊಬ್ಬರೇ.

ಪ್ರತಿದಿನ ಬೆಳಗ್ಗೆ ಎದ್ದ ಅರ್ಧ ತಾಸಿನೊಳಗೆ ಎರಡು ನಿಮಿಷದಲ್ಲಿ ಬರೆದು ಮುಗಿಸಿ. ಹಾಸಿಗೆಗೆ ಹೋದ ಹೊತ್ತು, ಮಲಗಲು ಪ್ರಯತ್ನಿಸಿದ ಹೊತ್ತು, ನಿದ್ದೆ ಹತ್ತಲು ಹಿಡಿದ ಸಮಯ (ಅಂದಾಜು ಸಾಕು), ಎಷ್ಟು ಸಲ ಎಚ್ಚರ, ಒಟ್ಟು ಎಷ್ಟು ನಿಮಿಷ, ಕೊನೆಯ ಎಚ್ಚರ, ಹಾಸಿಗೆ ಬಿಟ್ಟ ಹೊತ್ತು. ಅದರ ಕೆಳಗೆ: ಹಗಲು ನಿದ್ದೆ ಎಲ್ಲಿಂದ ಎಲ್ಲಿವರೆಗೆ, ಚಹಾ ಎಷ್ಟು ಕಪ್ಪು ಮತ್ತು ಕೊನೆಯದು ಎಷ್ಟಕ್ಕೆ, ತಂಬಾಕು, ಗುಟ್ಕಾ, ಮದ್ಯ, ಗುಳಿಗೆಯ ಹೆಸರು, ಪಟ್ಟಿ ಬಿಚ್ಚಿದ್ದ ಅವಧಿ. ರಾತ್ರಿ ಗಡಿಯಾರ ನೋಡಿ ನೋಡಿ ಬರೆಯಬೇಡಿ, ಗಡಿಯಾರ ನೋಡುವುದೇ ನಿದ್ದೆ ಕೆಡಿಸುತ್ತದೆ. ನಾಲ್ಕು ದಿನದ್ದನ್ನು ಒಟ್ಟಿಗೆ ಕೂತು ತುಂಬಿಸಬೇಡಿ. ಮರೆತ ದಿನದ್ದನ್ನು ಖಾಲಿ ಬಿಟ್ಟರೆ ಅದೇ ಪ್ರಾಮಾಣಿಕ ದಾಖಲೆ.

ಬರೆಯಲು ಬಾರದ ಹಿರಿಯರಿದ್ದರೆ ಮೊಮ್ಮಕ್ಕಳು ಕೇಳಿ ಬರೆಯಲಿ. ಕೇಳುವಾಗ "ಆಯಿ, ನಿದ್ದಿ ಚಲೋ ಆತಿಲ್ಲೋ?" ಎಂದರೆ "ಆತು" ಎಂದಷ್ಟೇ ಉತ್ತರ ಬರುತ್ತದೆ. "ರಾತ್ರಿ ಎಷ್ಟ ಸಲ ಎದ್ದಿದ್ದಿ ಆಯಿ?" ಎಂದು ಕೇಳಿ.

ಏನೇನು ಕೆಡುತ್ತದೆ?

ಎಲ್ಲಕ್ಕಿಂತ ಹೆಚ್ಚಾಗಿ ಕೆಡಿಸುವುದು ಬಿಚ್ಚಿಟ್ಟ ಪಟ್ಟಿ. ಮೇಜಿನ ಮೇಲಿರುವ ಯಂತ್ರ ಅಲುಗುವುದಿಲ್ಲ, ಸೂತ್ರಕ್ಕೆ ಅದು ಗಾಢ ನಿದ್ದೆ. 60 ಅಥವಾ 90 ನಿಮಿಷ ಸತತವಾಗಿ ಸೊನ್ನೆ ಬಂದರೆ "ಕಟ್ಟಿರಲಿಲ್ಲ" ಎಂದು ತಳ್ಳಿಹಾಕುವ ನಿಯಮಗಳಿವೆ. ಅವು ಹಗಲಿಗೆ ಸರಿ, ರಾತ್ರಿ ನಿಜವಾದ ನಿದ್ದೆಯನ್ನೇ ಅಳಿಸಿಬಿಡಬಲ್ಲವು. ಚರ್ಮದ ಶಾಖ ಅಳೆಯುವ ಯಂತ್ರವಾದರೆ ವ್ಯತ್ಯಾಸ ಕಾಣುತ್ತದೆ, ಬಿಚ್ಚಿಟ್ಟಾಗ ಶಾಖ ಬದಲಾಗುತ್ತದೆ. ಮೇ ತಿಂಗಳಲ್ಲಿ ಕೋಣೆಯ ಶಾಖವೇ ಚರ್ಮದ ಶಾಖದ ಹತ್ತಿರ ಬರುವ ನಮ್ಮ ಕಡೆ ಅದನ್ನೂ ಪೂರ್ತಿ ನೆಚ್ಚಬಾರದು.

ಎರಡನೆಯದು ನಿಮ್ಮದಲ್ಲದ ಚಲನೆ. ವಿಜಯಪುರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಮಲಗಿ ಹೋದರೆ ಬಸ್ಸಿನ ಕುಲುಕಾಟ ನಿಮ್ಮ ಎಚ್ಚರವಾಗಿ ದಾಖಲಾಗುತ್ತದೆ. ಒಂದೇ ಹಾಸಿಗೆಯಲ್ಲಿ ಮಗ್ಗುಲಲ್ಲಿ ಮಲಗಿದ ಮಗು ಒದ್ದರೆ ಅದೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಜೋಲಿಯಲ್ಲಿ ತೂಗುವ ಕೂಸಿಗೆ ಪಟ್ಟಿ ಕಟ್ಟಿದರೆ ಜೋಲಿಯ ತೂಗಾಟ ನಿಲ್ಲುವವರೆಗೂ ಕೂಸು ಎಚ್ಚರವಿದೆ ಎಂದೇ ಬರುತ್ತದೆ. ಇಂಥ ಅವಧಿಗಳನ್ನು ಡೈರಿಯಲ್ಲಿ ಗುರುತಿಸಿ, ವರದಿ ಮಾಡುವವರು ಅಷ್ಟನ್ನು ಬಿಡುತ್ತಾರೆ.

ಮೂರನೆಯದು ಗಡಿಯಾರ. ಯಂತ್ರವನ್ನು ಸಿದ್ಧಗೊಳಿಸುವ ಕಂಪ್ಯೂಟರಿನಲ್ಲಿ ಭಾರತದ ಸಮಯದ ಬದಲು ಗ್ರೀನ್‌ವಿಚ್ ಸಮಯ ಇದ್ದರೆ ಇಡೀ ಎರಡು ವಾರ ಐದೂವರೆ ತಾಸು ಸರಿದು ಕೂರುತ್ತದೆ. ಹತ್ತಕ್ಕೆ ಮಲಗಿದವರು ಸಂಜೆ ನಾಲ್ಕೂವರೆಗೆ ಮಲಗಿದಂತೆ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ. ಪಟ್ಟಿ ಕೊಡುವಾಗ ಗುಂಡಿ ಒಂದು ಸಲ ಒತ್ತಿ, ಆ ಹೊತ್ತನ್ನು ಡೈರಿಯ ಮೊದಲ ಸಾಲಿನಲ್ಲಿ ಬರೆಸಿ. ಮರಳಿ ಬಂದಾಗ ತಾಳೆ ನೋಡಲು ಅಷ್ಟು ಸಾಕು.

ನಾಲ್ಕನೆಯದು ಸಾಫ್ಟ್‌ವೇರಿನ ಮಿತಿ. ಕೆಲವು ತಂತ್ರಾಂಶಗಳಲ್ಲಿ ಎಚ್ಚರದ ಮಿತಿಯನ್ನು 20, 40, 80 ಎಂದು ಆಯ್ದುಕೊಳ್ಳಬಹುದು. 20 ಇಟ್ಟರೆ ಸಣ್ಣ ಅಲುಗಾಟವೂ ಎಚ್ಚರ, 80 ಇಟ್ಟರೆ ಎದ್ದು ಕುಳಿತರೆ ಮಾತ್ರ ಎಂಬಂತೆ. ಒಂದೇ ರಾತ್ರಿ ಮೂರು ಬೇರೆ ಬೇರೆ ಉತ್ತರ ಕೊಡುತ್ತದೆ. ಆರು ತಿಂಗಳ ಹಿಂದಿನ ವರದಿಗೂ ಇಂದಿನದಕ್ಕೂ ಹೋಲಿಸುವಾಗ ಅದೇ ಯಂತ್ರ, ಅದೇ ಸೂತ್ರ, ಅದೇ ಮಿತಿ ಇದ್ದವೇ ಎಂದು ಕೇಳಿ. ಇಲ್ಲದಿದ್ದರೆ ಹೋಲಿಕೆ ಬೇಡ.

ಪಾಳಿ ಕೆಲಸದವರು, ರಾತ್ರಿ ನೀರು ಹಾಯಿಸುವವರು ಏನು ಮಾಡಬೇಕು?

ಪಟ್ಟಿ ಅತಿ ಹೆಚ್ಚು ಕೆಲಸಕ್ಕೆ ಬರುವುದು ಇವರಿಗೇ. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಮೂರು ಪಾಳಿ ತಿರುಗುವವರು, ರಬಕವಿ-ಬನಹಟ್ಟಿಯಲ್ಲಿ ರಾತ್ರಿ ವಿದ್ಯುತ್ ಮಗ್ಗ ನಡೆಸುವವರು, ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ಹೊಲಕ್ಕೆ ಹೋಗುವ ರೈತರು: ಇವರ ನಿದ್ದೆ ಒಂದೇ ತುಂಡಿನಲ್ಲಿ ಇರುವುದಿಲ್ಲ. "ರಾತ್ರಿ ಎಷ್ಟು ಮಲಗಿದಿರಿ?" ಎಂಬ ಪ್ರಶ್ನೆ ಇವರಿಗೆ ಹೊಂದುವುದೇ ಇಲ್ಲ. 24 ತಾಸಿನಲ್ಲಿ ಒಟ್ಟು ಎಷ್ಟು ಎಂದು ಕೇಳಬೇಕು.

ಪಾಳಿ ವಾರಕ್ಕೊಮ್ಮೆ ಬದಲಾದರೆ ಮೂರು ಪಾಳಿಗಳೂ ದಾಖಲೆಗೆ ಸಿಗುವಂತೆ 21 ದಿನ ಕಟ್ಟಿ. ಎರಡೇ ವಾರ ಸಾಧ್ಯವಾದರೆ ಅದರಲ್ಲಿ ರಾತ್ರಿ ಪಾಳಿಯ ವಾರ ಮತ್ತು ಅದರ ನಂತರದ ವಾರ ಇರಲಿ. ದೇಹ ಮರಳಿ ಹೊಂದಿಕೊಳ್ಳಲು ಎಷ್ಟು ದಿನ ಹಿಡಿಯಿತು ಎಂಬುದು ಎರಡನೆಯ ವಾರದಲ್ಲಿ ಕಾಣುತ್ತದೆ.

ವರದಿ ಮಾಡುವವರಿಗೆ ಒಂದು ಮಾತು. ತಂತ್ರಾಂಶ ದಿನವನ್ನು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಕತ್ತರಿಸುವಂತೆ ಇಟ್ಟಿದ್ದರೆ, ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಮಲಗಿದವರ ನಿದ್ದೆ ಎರಡು ದಿನಕ್ಕೆ ಹರಿದು ಹಂಚಿಹೋಗುತ್ತದೆ. ನಿದ್ದೆಯ ಅವಧಿಗಳನ್ನು ಡೈರಿ ನೋಡಿ ಕೈಯಾರೆ ಗುರುತಿಸಿ. 48 ತಾಸನ್ನು ಒಂದೇ ಸಾಲಿನಲ್ಲಿ ತೋರಿಸುವ ಜೋಡಿ ನಕ್ಷೆ ತೆಗೆದರೆ ಪಾಳಿಯ ಜೊತೆ ನಿದ್ದೆ ಹೇಗೆ ಜರುಗಿತು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ.

ಕಾರ್ಖಾನೆಯ ಮಾಲೀಕರಿಗೆ ಈ ವರದಿ ಕೊಡಬೇಕಾಗಿಲ್ಲ. ಕೇಳಿದರೆ ಡಾಕ್ಟರ ಜೊತೆ ಮಾತಾಡಿ ನೀವೇ ನಿರ್ಧರಿಸಿ.

ವರದಿಯಲ್ಲಿರುವ ಅಂಕಿಗಳನ್ನು ಓದುವುದು ಹೇಗೆ?

ಒಂದು ಉದಾಹರಣೆ ಹಿಡಿಯೋಣ. ರಾತ್ರಿ 10:30ಕ್ಕೆ ಮಲಗಿ ಬೆಳಗ್ಗೆ 6ಕ್ಕೆ ಎದ್ದಿರಿ, ಹಾಸಿಗೆಯಲ್ಲಿ 450 ನಿಮಿಷ. ನಿದ್ದೆ ಹತ್ತಲು 40 ನಿಮಿಷ, ನಡುವಿನ ಎಚ್ಚರ 65 ನಿಮಿಷ, ಬೆಳಗ್ಗೆ ಎಚ್ಚರವಾದ ಮೇಲೆ ಸುಮ್ಮನೆ ಬಿದ್ದುಕೊಂಡದ್ದು 15 ನಿಮಿಷ. ಉಳಿದದ್ದು 330 ನಿಮಿಷ, ಅಂದರೆ ಐದೂವರೆ ತಾಸು. 330ನ್ನು 450ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 73. ಇದಕ್ಕೆ ನಿದ್ದೆಯ ದಕ್ಷತೆ ಎನ್ನುತ್ತಾರೆ. ದೊಡ್ಡವರಲ್ಲಿ 85 ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ಸರಿ. ನಿದ್ದೆ ಹತ್ತಲು ಅಥವಾ ನಡುವಿನ ಎಚ್ಚರಕ್ಕೆ 30 ನಿಮಿಷ ಮೀರಿದರೆ, ಅದೂ ವಾರದಲ್ಲಿ ಮೂರು ರಾತ್ರಿಯಾದರೂ ಹಾಗಾದರೆ ಗಮನ ಕೊಡುತ್ತಾರೆ.

ಒಂದು ಕೆಟ್ಟ ರಾತ್ರಿಯ ಅಂಕಿಗೆ ಬೆರಳಿಟ್ಟು ಕೂರಬೇಡಿ. ಎದ್ದ ಹೊತ್ತು ದಿನದಿಂದ ದಿನಕ್ಕೆ ಎಷ್ಟು ಜಿಗಿಯುತ್ತಿದೆ ಎಂಬುದನ್ನು ನೋಡಿ. ನಮ್ಮ ಮಟ್ಟಿಗೆ ಇಡೀ ವರದಿಯಲ್ಲಿ ಅತಿ ಬೆಲೆಯುಳ್ಳ ಸಾಲು ಅದೇ.

ನನಗೆ ರಾತ್ರಿಯಿಡೀ ಕಣ್ಣು ಹತ್ತುವುದಿಲ್ಲ. ಪಟ್ಟಿ ಆರು ತಾಸು ಮಲಗಿದ್ದೀರಿ ಎನ್ನುತ್ತದೆ. ನಾನು ಸುಳ್ಳು ಹೇಳುತ್ತಿದ್ದೇನೆಯೇ?

ಇಲ್ಲ. ಇದಕ್ಕೆ ಎರಡು ಕಾರಣ ಇರಬಹುದು. ಅಲುಗಾಡದೆ ಎಚ್ಚರವಿದ್ದದ್ದನ್ನು ಪಟ್ಟಿ ನಿದ್ದೆ ಎಂದುಕೊಂಡಿರಬಹುದು. ಅಥವಾ ನಿದ್ದೆ ನಿಜವಾಗಿ ಬಂದಿದ್ದರೂ ಅದು ನಿದ್ದೆಯೆಂದು ನಿಮಗೆ ಅನಿಸದೇ ಇರಬಹುದು. ಎರಡನೆಯದು ವೈದ್ಯರು ಗುರುತಿಸುವ ನಿದ್ರಾಹೀನತೆಯ ಒಂದು ಬಗೆ, ಅದರ ಸಂಕಟವೂ ನಿಜವಾದದ್ದೇ. ಮನೆಯವರು ವರದಿಯನ್ನು ಮುಖದ ಮುಂದೆ ಹಿಡಿದು "ನೋಡು, ಮಲಗಿದ್ದಿ" ಎನ್ನಬಾರದು. ಡೈರಿ ಮತ್ತು ಪಟ್ಟಿಯ ನಡುವಿನ ಆ ವ್ಯತ್ಯಾಸವೇ ಡಾಕ್ಟರಿಗೆ ಬೇಕಾದ ಸುಳಿವು.

ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಗುಳಿಗೆಯಲ್ಲ, ಸಿಬಿಟಿ-ಐ ಎಂಬ ವರ್ತನೆಯ ಚಿಕಿತ್ಸೆ. ಅದರಲ್ಲಿ ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ನಿಜವಾಗಿ ಮಲಗುವಷ್ಟಕ್ಕೆ ಇಳಿಸಿ, ದಕ್ಷತೆ ಏರಿದಂತೆ ಮತ್ತೆ ಹೆಚ್ಚಿಸುತ್ತಾರೆ. ಸಾಮಾನ್ಯವಾಗಿ 5 ತಾಸಿಗಿಂತ ಕೆಳಗೆ ಇಳಿಸುವುದಿಲ್ಲ. ಮೂರ್ಛೆ ರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ವಾಹನ ಓಡಿಸುವವರು ಇದನ್ನು ತಾವಾಗಿ ಮಾಡಿಕೊಳ್ಳಬಾರದು. ನಿದ್ದೆಗೆಟ್ಟು ಬದುಕೇ ಬೇಡವೆನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ.

ಪಿಯುಸಿ ಓದುವ ಮಗ ರಾತ್ರಿ ಮೂರಕ್ಕೆ ಮಲಗುತ್ತಾನೆ, ಬೆಳಗ್ಗೆ ಎಬ್ಬಿಸಲು ಆಗುವುದಿಲ್ಲ. ಸೋಮಾರಿತನವೇ?

ಪಟ್ಟಿ ಕಟ್ಟಿಸಿ, ಭಾನುವಾರ ಮತ್ತು ರಜೆಯ ದಿನಗಳನ್ನು ನೋಡಿ. ಬಿಟ್ಟರೆ ಮೂರಕ್ಕೆ ಮಲಗಿ ಹನ್ನೊಂದಕ್ಕೆ ಏಳುತ್ತಾನೆ, ನಿದ್ದೆ ಎಂಟು ತಾಸು, ನಡುವೆ ಎಚ್ಚರವಿಲ್ಲ ಎಂದಾದರೆ ನಿದ್ದೆ ಕೆಟ್ಟಿಲ್ಲ, ಅದರ ಹೊತ್ತು ಹಿಂದೆ ಬಿದ್ದಿದೆ. ಹರೆಯದಲ್ಲಿ ದೇಹದ ಗಡಿಯಾರ ತಡವಾಗುವುದು ಸಾಮಾನ್ಯ. ಬೈಗುಳದಿಂದ ಸರಿಯಾಗದು.

ಬೆಳಗಿನ ಬೆಳಕು ಗಡಿಯಾರವನ್ನು ಬೇಗದ ಹೊತ್ತಿಗೆ ತರುತ್ತದೆ, ಆದರೆ ಹೊತ್ತು ತಪ್ಪಿದರೆ ಉಲ್ಟಾ ಆಗುತ್ತದೆ. ತಾನಾಗಿ ಏಳುವ ಹೊತ್ತಿಗೆ ಎರಡು-ಮೂರು ತಾಸು ಮೊದಲು ದೇಹದ ಶಾಖ ತೀರ ಕೆಳಗಿರುತ್ತದೆ. ಅದಕ್ಕಿಂತ ಮುಂಚೆ ಬಿದ್ದ ಬೆಳಕು ನಿದ್ದೆಯನ್ನು ಇನ್ನಷ್ಟು ತಡಮಾಡುತ್ತದೆ. ಹನ್ನೊಂದಕ್ಕೆ ಏಳುವವನನ್ನು ಐದಕ್ಕೆ ಎಬ್ಬಿಸಿ ಟ್ಯೂಬ್‌ಲೈಟ್ ಕೆಳಗೆ ಕೂರಿಸಿದರೆ ಆಗುವುದು ಅದೇ. ತಾನಾಗಿ ಎದ್ದ ಕೂಡಲೇ ಅರ್ಧ ತಾಸು ಅಂಗಳದಲ್ಲಿ ಇರಲಿ, ಕೆಲವು ದಿನಕ್ಕೊಮ್ಮೆ ಏಳುವ ಹೊತ್ತನ್ನು ಅರ್ಧ ತಾಸು ಬೇಗ ಮಾಡಿ. ರಾತ್ರಿ ಬೆಳಕು, ಮೊಬೈಲ್ ಕಡಿಮೆ ಮಾಡಿ. ಪರೀಕ್ಷೆಗೆ ಎರಡು ದಿನವಿರುವಾಗ ಇದನ್ನು ಶುರು ಮಾಡಬೇಡಿ.

ನನ್ನ ಸ್ಮಾರ್ಟ್ ಬ್ಯಾಂಡ್ ಸಾಲದೇ? ಅದು ಗಾಢ ನಿದ್ದೆ, ಕನಸಿನ ನಿದ್ದೆ ಎಲ್ಲ ತೋರಿಸುತ್ತದೆ.

ಮಲಗಿದ ಹೊತ್ತು, ಎದ್ದ ಹೊತ್ತಿಗೆ ಸಾಕು. ಗಾಢ ನಿದ್ದೆ, ಕನಸಿನ ನಿದ್ದೆ ಎಂಬ ಬಣ್ಣದ ಗೆರೆಗಳು ಚಲನೆ ಮತ್ತು ನಾಡಿಬಡಿತದಿಂದ ಮಾಡಿದ ಅಂದಾಜು. ನಿದ್ದೆಯ ಹಂತಗಳನ್ನು ಖಚಿತವಾಗಿ ಹೇಳಲು ಮಿದುಳಿನ ವಿದ್ಯುತ್ ಸಂಕೇತ, ಕಣ್ಣಿನ ಚಲನೆ, ಗದ್ದದ ಸ್ನಾಯು ಮೂರೂ ಬೇಕು. "ಗಾಢ ನಿದ್ದೆ 38 ನಿಮಿಷ" ಎಂದು ಬಂತೆಂದು ಔಷಧಿ ಅಂಗಡಿಗೆ ಹೋಗಬೇಡಿ. ಕಂಪನಿಯವರು ಸೂತ್ರವನ್ನು ಹೊರಗೆ ಹೇಳುವುದಿಲ್ಲ, ಆಪ್ ಅಪ್‌ಡೇಟ್ ಆದಾಗ ಅದು ಬದಲಾಗಲೂಬಹುದು. ಬಹಳಷ್ಟು ಬ್ಯಾಂಡ್‌ಗಳು ಮಧ್ಯಾಹ್ನದ ಚಿಕ್ಕ ನಿದ್ದೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಡಾಕ್ಟರಿಗೆ ತೋರಿಸುವುದಾದರೆ 14 ದಿನದ ಮಲಗಿದ-ಎದ್ದ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಚಾರ್ಜಿಂಗ್‌ಗೆ ಸಂಜೆ ಊಟದ ಹೊತ್ತು ಒಳ್ಳೆಯದು. ರಾತ್ರಿ ಚಾರ್ಜಿಗೆ ಹಾಕಿದರೆ ಅಳೆಯಬೇಕಾದದ್ದೇ ತಪ್ಪಿಹೋಗುತ್ತದೆ. ದಿನಾ ಬೆಳಗ್ಗೆ ಅಂಕಿ ನೋಡಿದ ಮೇಲೆಯೇ ದಣಿವು ಶುರುವಾಗುತ್ತಿದ್ದರೆ ಒಂದು ತಿಂಗಳು ಅದನ್ನು ಬಿಚ್ಚಿಡಿ.

ನಿದ್ದೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ?

ನಿಲ್ಲಿಸಬೇಡಿ, ಹೆಸರು ಮತ್ತು ಹೊತ್ತು ಬರೆಯಿರಿ. ಅಲ್‌ಪ್ರಜೋಲಾಮ್‌ನಂಥ ಗುಳಿಗೆಗಳನ್ನು ದಿಢೀರನೆ ಬಿಟ್ಟರೆ ಮೂರ್ಛೆ ಬರುವ ಅಪಾಯವೂ ಇದೆ. ಗುಳಿಗೆ, ಮದ್ಯ ಎರಡೂ ದೇಹದ ಅಲುಗಾಟವನ್ನು ತಗ್ಗಿಸುವುದರಿಂದ ವರದಿ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ, ಓದುವವರಿಗೆ ಅದು ಗೊತ್ತಿರಬೇಕು.

ಈ ಭಾಗದಲ್ಲಿ ಎಲ್ಲಿ ವಿಚಾರಿಸಬೇಕು?

ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ: ಬೆಳಗಾವಿಯಲ್ಲಿ ಸರ್ಕಾರಿ ಬಿಮ್ಸ್ ಮತ್ತು ಕೆಎಲ್‌ಇ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದಲ್ಲಿ ಬಿಎಲ್‌ಡಿಇ. ಬಸ್ ಹತ್ತುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ: ಆಕ್ಟಿಗ್ರಫಿ ಇದೆಯೇ, ಪೂರ್ಣ ನಿದ್ದೆ ಪರೀಕ್ಷೆ ಇದೆಯೇ, ಖರ್ಚು ಎಷ್ಟು. ಗೊರಕೆ, ಉಸಿರಿನ ತೊಂದರೆಗೆ ಶ್ವಾಸಕೋಶ ಅಥವಾ ಕಿವಿ-ಮೂಗು-ಗಂಟಲು ವಿಭಾಗ, ನಿದ್ದೆ ಬಾರದ್ದಕ್ಕೆ ಮನೋವೈದ್ಯಕೀಯ, ಕೈಕಾಲು ಜಾಡಿಸುವುದು, ಮೂರ್ಛೆಗೆ ನರರೋಗ ವಿಭಾಗ. ಪಟ್ಟಿ ಎಲ್ಲೂ ಸಿಗದಿದ್ದರೆ ಎರಡು ವಾರದ ಡೈರಿಯನ್ನಾದರೂ ಬರೆದು ಹೋಗಿ. ಒಳ್ಳೆಯ ಡೈರಿಯಿಂದಲೇ ಅನೇಕರ ಚಿಕಿತ್ಸೆ ಶುರುವಾಗುತ್ತದೆ.

ನಾವು ವೈದ್ಯಕೀಯ ವಿದ್ಯಾರ್ಥಿಗಳು, ಪ್ರಾಜೆಕ್ಟಿಗೆ ಪಟ್ಟಿ ಬಳಸಬೇಕೆಂದಿದ್ದೇವೆ.

ಸಂಸ್ಕರಿಸದ ಕಚ್ಚಾ ದಾಖಲೆ ಕೊಡುವ ಯಂತ್ರವನ್ನೇ ಆರಿಸಿ, ಆಕ್ಸಿವಿಟಿ ಅಥವಾ ಜೀನಿಆಕ್ಟಿವ್‌ನಂಥದ್ದು. ಆರ್ ಭಾಷೆಯ ಜಿಜಿಐಆರ್ ಎಂಬ ಉಚಿತ ತಂತ್ರಾಂಶ ಅದನ್ನು ಓದುತ್ತದೆ. ಅದರಲ್ಲಿರುವ ಒಂದು ಸೂತ್ರ ಚಲನೆಯ ಬಲಕ್ಕಿಂತ ತೋಳಿನ ಕೋನವನ್ನು ನೋಡುತ್ತದೆ: 5 ನಿಮಿಷ ಕಾಲ ಕೋನ 5 ಡಿಗ್ರಿಗಿಂತ ಹೆಚ್ಚು ಬದಲಾಗದಿದ್ದರೆ ನಿದ್ದೆಯ ಸಾಧ್ಯತೆ. ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಪಟ್ಟಿ ಆಮೇಲೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಗಡಿಭಾಗದ ಊರುಗಳಿಗೆ ಮರಾಠಿಯದೂ ಬೇಕು. ವರದಿಯಲ್ಲಿ ಯಂತ್ರದ ಮಾದರಿ, ಯಾವ ಕೈ, ಸೆಕೆಂಡಿಗೆ ಎಷ್ಟು ಸಲ, ತುಂಡಿನ ಉದ್ದ, ಸೂತ್ರ, ಬಿಟ್ಟ ರಾತ್ರಿಗಳು ಮತ್ತು ಕಾರಣ ಇಷ್ಟನ್ನೂ ಬರೆಯಿರಿ.

ಪಟ್ಟಿ ಹಿಂತಿರುಗಿಸುವಾಗ?

ಬಿಚ್ಚಿದ ದಿನ ಮತ್ತು ಹೊತ್ತನ್ನು ಡೈರಿಯ ಕೊನೆಯ ಸಾಲಿನಲ್ಲಿ ಬರೆಯಿರಿ. ಇಲ್ಲದಿದ್ದರೆ ನಿಮ್ಮ ಚೀಲದಲ್ಲಿ ಪಟ್ಟಿ ಬಸ್ಸಿನಲ್ಲಿ ಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಡೈರಿಯ ಜೊತೆ ಒಂದೇ ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆ ಬರೆದು ಕೊಡಿ. ಎರಡು-ಮೂರು ದಿನದಲ್ಲೇ ತಲುಪಿಸಿ, ಯಂತ್ರಗಳು ನೆನಪು ತುಂಬಿದ ಮೇಲೆ ಅಥವಾ ಬ್ಯಾಟರಿ ತೀರಿದ ಮೇಲೆ ಏನು ಮಾಡುತ್ತವೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಒಂದು ವಾರ ಕಟ್ಟಲು ಮರೆತಿದ್ದರೆ ಅದನ್ನೂ ಹೇಳಿಬಿಡಿ. ಇನ್ನೊಂದು ವಾರ ಕಟ್ಟಿಸುತ್ತಾರೆ.